ಆರನೇ ಪಾಠದಲ್ಲಿ ಬಿಟ್ಟ ಮಾತು

"ಅಯ್ಯಯ್ಯೋ! ಯಾರ್ರೀ ಅದು ಮೇಲೆ?"

ಕೆಳಗಿನಿಂದ ಎದ್ದ ಕೂಗು ಒಂಬತ್ತನೇ ಮಹಡಿಯ ಅಡುಗೆಮನೆಗೂ ಕೇಳಿಸಿತು. ಲಾಸ್ತ್ರಿ ಸೌಟು ಹಿಡಿದುಕೊಂಡೇ ಬಾಲ್ಕನಿಗೆ ಓಡಿದಳು.

ಅಲ್ಲಿ ಅವಳ ತಾಯಿ, ಎಲ್ಲರ ಬಾಯಲ್ಲೂ ಮಾಕ್ ಅಂದರೆ ಅಮ್ಮ ಆಗಿದ್ದ ಇರಾಹ್, ಖಾಲಿ ಬಕೆಟ್ಟು ಹಿಡಿದು, ಬಾಯಿ ತೆರೆದುಕೊಂಡು ನಿಂತಿದ್ದಳು.

"ಮಾಕ್! ಏನ್ ಮಾಡ್ದೆ?"

"ಮೀನು ತೊಳೆದ ನೀರು ಚೆಲ್ದೆ ಕಣೇ... ಅಷ್ಟೇ..."

ಲಾಸ್ತ್ರಿ ಬಗ್ಗಿ ನೋಡಿದಳು. ಅಂಗಳದ ನಡುವೆ ಬಿಳಿ ಶರಟಿನ ಯುವಕನೊಬ್ಬ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿದ್ದ. ಅವನು ತಲೆ ಎತ್ತಿದ. ಇಬ್ಬರ ಕಣ್ಣೂ ಕೂಡಿದವು.

ಅಯ್ಯೋ ದೇವರೇ... ಭೂಮಿ ಬಾಯಿ ಬಿಡಬಾರದೇ! ಆದರೆ ಒಂಬತ್ತನೇ ಮಹಡಿಯಲ್ಲಿ ಭೂಮಿಯಾದರೂ ಎಲ್ಲಿದೆ?

ಮಾಕ್ ಇರಾಹ್‌ಳನ್ನು ಬೈಯುವ ಮೊದಲು ಒಂದು ಮಾತು ತಿಳಿದಿರಲಿ. ನಲವತ್ತು ವರ್ಷ ಅವಳು ಜಕಾರ್ತಾದ ನದಿದಂಡೆಯ ಹಲಗೆ ಗುಡಿಸಲಿನಲ್ಲಿ ಬದುಕಿದವಳು. ಅಲ್ಲಿ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಎಲ್ಲ ಹಿಂಬಾಗಿಲಿನಿಂದ ನದಿಗೆ. ಪ್ರವಾಹ ತಡೆಯುವ ಕೆಲಸಕ್ಕೆಂದು ಸರ್ಕಾರ ದಂಡೆಯನ್ನು ತೆರವು ಮಾಡಿ, ಎಲ್ಲರನ್ನೂ ಈ ಕಡಿಮೆ ಬಾಡಿಗೆಯ ಗೋಪುರಕ್ಕೆ, ಜನ ರುಸುನ್ ಎನ್ನುವ ಈ ಮನೆಗಳಿಗೆ ತಂದು ಮೂರೇ ವಾರವಾಗಿತ್ತು. ಮನೆ ಬದಲಾಗಿತ್ತು, ಕೈಯ ಅಭ್ಯಾಸ ಬದಲಾಗಿರಲಿಲ್ಲ.

ಲಾಸ್ತ್ರಿ ಟವೆಲ್ಲು ಹಿಡಿದು ಒಂಬತ್ತು ಮಹಡಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಎಲ್ಲಿಗೆ ಹೋಗಿದ್ದನೆಂಬುದು ಅರ್ಧ ಗಂಟೆಯಲ್ಲೇ ತಿಳಿಯಿತು. ನೆಲಮಹಡಿಯ ಸಭಾಂಗಣದಲ್ಲಿ ಹೊಸ ನಿವಾಸಿಗಳಿಗೆಂದು ಇಟ್ಟಿದ್ದ ತರಗತಿಯಲ್ಲಿ, ಹಲಗೆಯ ಮುಂದೆ, ಒದ್ದೆ ಶರಟಿನಲ್ಲೇ ನಿಂತಿದ್ದ.

"ನಾನು ಗಾಲಿಹ್, ರುಸುನ್ ಕಚೇರಿಯವನು. ಗೋಪುರದಲ್ಲಿ ಬದುಕೋದು ಹೇಗೆ ಅಂತ ಆರು ಶನಿವಾರ ಆರು ಪಾಠ. ಇವತ್ತಿನದು, ಮೇಲಿಂದ ಏನನ್ನೂ ಚೆಲ್ಲಬಾರದು ಅನ್ನೋದು. ಈ ಪಾಠ ನನಗೆ ಆಗ್ಲೇ ಆಯ್ತು!"

ಸಭಾಂಗಣ ಗೊಳ್ಳೆಂದು ನಕ್ಕಿತು. ಎಲ್ಲರೂ ತಿರುಗಿ ಮಾಕ್ ಇರಾಹ್‌ಳನ್ನೇ ನೋಡಿದರು. ಅವಳು ತಲೆಯ ಮೇಲಿನ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು ಕುಗ್ಗಿ ಕುಳಿತಳು.

ಲಾಸ್ತ್ರಿಗೆ ಮೈಯೆಲ್ಲ ಉರಿಯಿತು. ಕ್ಷಮೆ ಕೇಳಬೇಕೆಂದುಕೊಂಡಿದ್ದು ಎಲ್ಲೋ ಹೋಯಿತು!

"ನಲವತ್ತು ವರ್ಷ ನಮ್ಮಮ್ಮನ ಮನೆ ಕೆಳಗೆ ನದಿ ಇತ್ತು ಸಾರ್," ಎಂದು ಎದ್ದು ನಿಂತಳು. "ಮೂರು ವಾರದಿಂದ ಮನೆ ಕೆಳಗೆ ಮನುಷ್ಯರು ಓಡಾಡ್ತಿದ್ದಾರೆ. ಅವಳ ಕೈಗೆ ಗೊತ್ತಾಗ್ಬೇಕಲ್ಲ? ನಗೋರಿಗೆ ಏನು, ನಗ್ತಾರೆ!"

ಗಾಲಿಹ್ ಅವಳನ್ನು ನೋಡಿದ. ನಂತರ ಎರಡು ಸಾಲು ದಾಟಿ ಬಂದು ಮಾಕ್ ಇರಾಹ್‌ಳ ಮುಂದೆ ಮಂಡಿಯೂರಿ ಕುಳಿತು, ಅವಳ ಕೈಯನ್ನು ಹಣೆಗೆ ಒತ್ತಿಕೊಂಡ.

"ತಪ್ಪು ನಂದು ಮಾಕ್. ನೀವು ಬರೋಕೆ ಮುಂಚೆ ಹೇಳ್ಬೇಕಾಗಿದ್ದ ಪಾಠನ ಮೂರು ವಾರ ಆದ್ಮೇಲೆ ಹೇಳ್ತಿದೀನಿ. ನನ್ನ ನಗು ತಪ್ಪು."

ಲಾಸ್ತ್ರಿಯ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಇಂಥ ಮನುಷ್ಯನ ಜೊತೆ ಜಗಳವಾದರೂ ಹೇಗೆ ಆಡುವುದು?

ಮುಂದಿನ ಶನಿವಾರಗಳಲ್ಲಿ ಗ್ಯಾಸ್ ಸಿಲಿಂಡರು, ಬೆಂಕಿ, ಕಸ, ಗೋಡೆಯಾಚೆಯ ನೆರೆಹೊರೆ ಎಂದು ಪಾಠ ಸಾಗಿತು. ಮಾಕ್‌ಗೆ ಎಲ್ಲವೂ ಬಂತು, ಲಿಫ್ಟ್ ಒಂದು ಬಿಟ್ಟು.

"ಬಾಗಿಲು ಮುಚ್ಕೊಳ್ಳೋ ಪೆಟ್ಟಿಗೇಲಿ ಹೋಗೋದು ಸತ್ ಮೇಲೆ," ಎನ್ನುತ್ತಿದ್ದಳು. "ನಾನಿನ್ನೂ ಬದುಕಿದೀನಿ, ಮೆಟ್ಟಿಲಲ್ಲೇ ಹೋಗ್ತೀನಿ."

ಮಂಡಿ ನೋವಿನ ಮುದುಕಿ ಒಂಬತ್ತು ಮಹಡಿ ಹತ್ತುವುದನ್ನು ಗಾಲಿಹ್ ನೋಡಲಾರದೆ ಹೋದ. ತರಗತಿ ಮುಗಿದ ಮೇಲೆ ಅವಳನ್ನು ಲಿಫ್ಟಿನಲ್ಲಿ ಒಂದೇ ಒಂದು ಮಹಡಿ ಕರೆದೊಯ್ಯತೊಡಗಿದ. ಮರುವಾರ ಎರಡು. ಮಾಕ್ ಅವನ ಶರಟಿನ ತೋಳು ಹಿಡಿದು, ಕಣ್ಣು ಮುಚ್ಚಿ, ಬಾಯಲ್ಲಿ ಪ್ರಾರ್ಥನೆ ಹೇಳುತ್ತ ನಿಲ್ಲುತ್ತಿದ್ದಳು. ಲಾಸ್ತ್ರಿ ಮೆಟ್ಟಿಲಲ್ಲಿ ಓಡಿ, ಬಾಗಿಲು ತೆರೆಯುವ ಹೊತ್ತಿಗೆ ಎದುರಿಗಿರುತ್ತಿದ್ದಳು. ಬಾಗಿಲು ತೆರೆದಾಗ ಅಮ್ಮನ ಮುಖ ನೋಡಬೇಕೆಂದೇ ಓಡಿದ್ದಾದರೂ, ಕಣ್ಣು ಮೊದಲು ಹೋಗುತ್ತಿದ್ದುದು ಬೇರೆಡೆಗೆ. ಅದು ಅವಳಿಗೂ ಗೊತ್ತಿತ್ತು. ಅವನಿಗೂ.

ಲಾಸ್ತ್ರಿ ಬೆಳಗ್ಗೆ ಗೇಟಿನ ಬಳಿ ತೆಂಗಿನಹಾಲಿನ ಅನ್ನ ಮಾರುತ್ತಿದ್ದಳು. ಊರಿನ ಆ ಕೊನೆಯಲ್ಲಿದ್ದ ಗಾಲಿಹ್, ತರಗತಿಯಿಲ್ಲದ ದಿನಗಳಲ್ಲೂ ಎರಡು ಬಸ್ಸು ಬದಲಾಯಿಸಿ ಆ ಅನ್ನ ತಿನ್ನಲು ಬರತೊಡಗಿದ.

"ನಿಮ್ಮ ಕಡೆ ಅನ್ನ ಸಿಗಲ್ವಾ ಮಾಸ್?" ಎಂದು, ಗಂಡಸರನ್ನು ಗೌರವದಿಂದ ಕರೆಯುವ ಅಲ್ಲಿನ ಮಾತಿನಲ್ಲೇ ಕೇಳಿದಳು.

"ಸಿಗುತ್ತೆ. ಬೈಗುಳ ಸಿಗಲ್ಲ."

ಅವಳು ಮುಖ ತಿರುಗಿಸಿ ನಕ್ಕಳು. ಇಪ್ಪತ್ತೊಂಬತ್ತು ವರ್ಷದ ಎದೆ ಹದಿನಾರರಂತೆ ಬಡಿದುಕೊಂಡಿತು... ಥೂ, ನಾಚಿಕೆಗೆಟ್ಟದ್ದು!

ಆದರೆ ಒಂದು ಹೆದರಿಕೆ ಅವಳೊಳಗೆ ಎಂದಿನಿಂದಲೋ ಕೂತಿತ್ತು. ಅವಳಪ್ಪ ಅವಳಮ್ಮನನ್ನು ಮದುವೆಯಾಗಿದ್ದು ಅಜ್ಜಿಯ ಗುಡಿಸಲು ಸಿಗುತ್ತದೆಂದು. ದೊಡ್ಡ ಪ್ರವಾಹದಲ್ಲಿ ಆ ಗುಡಿಸಲು ಕೊಚ್ಚಿಹೋದ ವಾರವೇ ಅಪ್ಪನೂ ಹೊರಟುಹೋದ. ಮಾಕ್ ಮತ್ತೆ ಹಲಗೆ ಹಲಗೆ ಕೂಡಿಸಿ ಗೂಡು ಕಟ್ಟಿದಳು, ಗಂಡ ಮಾತ್ರ ಬರಲಿಲ್ಲ.

"ಸೂರಿಗಾಗಿ ಬಂದೋನು ಸೂರು ಹೋದ ದಿನ ಹೋಗ್ತಾನೆ ಮಗಳೇ," ಎಂದು ಅವಳು ಹೇಳುವಾಗ ದನಿಯಲ್ಲಿ ಸಿಟ್ಟು ಕೂಡ ಇರುತ್ತಿರಲಿಲ್ಲ. ಅದಕ್ಕೇ ಆ ಮಾತು ಲಾಸ್ತ್ರಿಯ ಎದೆಯಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು.

ಆರನೇ ಶನಿವಾರದ ಪಾಠ ಕಾಗದಪತ್ರಗಳದು. ಮನೆಯ ಕರಾರು ಯಾರ ಹೆಸರಲ್ಲಿದೆ, ಕುಟುಂಬದ ಕಾರ್ಡಿನಲ್ಲಿ ಯಾರಾರಿದ್ದಾರೆ, ಬದಲಾವಣೆಯಾದರೆ ಎಲ್ಲಿ ಹೇಳಬೇಕು... ಗಾಲಿಹ್ ಒಂದೊಂದೇ ಓದಿ ಹೇಳುತ್ತಿದ್ದ. ನಡುವೆ ಮಾಕ್ ಕೈ ಎತ್ತಿದಳು.

"ಅಪ್ಪಾ, ಕರಾರು ನನ್ನ ಹೆಸರಲ್ಲಿದೆ. ನಾನು ಸತ್ತೋದ್ರೆ? ಇವಳಿಗೆ ಮದುವೆ ಆಗಿಲ್ಲ. ಇವಳನ್ನ ಹೊರಗೆ ಹಾಕ್ತಾರಾ?"

ಗಾಲಿಹ್ ಕೈಯಲ್ಲಿದ್ದ ಪುಟದ ಕೊನೆಯ ಸಾಲಿನಲ್ಲಿ ಉತ್ತರವಿತ್ತು. ಈ ಮನೆಗಳು ಕುಟುಂಬಗಳಿಗೆ ಮಾತ್ರ, ಒಂಟಿಯಾಗಿ ಉಳಿದವರು ತೆರವು ಮಾಡಬೇಕು. ಅಷ್ಟು ಸ್ಪಷ್ಟ.

ಅವನು ಆ ಸಾಲನ್ನು ನೋಡಿದ. ಮಾಕ್‌ಳ ಕಣ್ಣು ನೋಡಿದ. ಒಮ್ಮೆ ಮನೆ ಮುರಿಸಿಕೊಂಡು ಬಂದವಳ ಕಣ್ಣು ಅದು.

"ಹಾಗೇನೂ ಆಗಲ್ಲ ಮಾಕ್. ನೀವು ನೂರು ವರ್ಷ ಇರಿ."

ಪುಟ ತಿರುವಿದ. ಅಷ್ಟೇ! ಒಂದು ಮುದುಕಿಗೆ ಸಮಾಧಾನ ಹೇಳಿದ್ದಷ್ಟೇ. ಅದರಲ್ಲಿ ಪಾಪವೇನಿದೆ ಎಂದು ನೀವೂ ಕೇಳಬಹುದು, ಅವನೂ ಅಂದು ಹಾಗೆಯೇ ಅಂದುಕೊಂಡ.

ಆ ವರ್ಷವೇ ಮಾಕ್‌ಳ ವಿಧವೆ ತಂಗಿ ಬಂದು, ತನ್ನನ್ನೂ ತನ್ನ ಮಗಳನ್ನೂ ಕುಟುಂಬದ ಕಾರ್ಡಿಗೆ ಸೇರಿಸಿಕೋ ಎಂದು ಕೇಳಿದಳು. ಮಾಕ್ ಬೇಡವೆಂದಳು. "ಜಾಗ ಚಿಕ್ಕದು. ಲಾಸ್ತ್ರಿಗೇನೂ ತೊಂದರೆ ಆಗಲ್ಲ ಅಂತ ಗಾಲಿಹ್ ಹೇಳಿದ್ದಾನೆ." ತಂಗಿ ಬೇರೆ ದಾರಿ ನೋಡಿಕೊಂಡಳು.

ಮಾಕ್ ನೂರು ವರ್ಷ ಇರಲಿಲ್ಲ. ಒಂದು ಬೆಳಗ್ಗೆ ಲಾಸ್ತ್ರಿ ನಮಾಜಿಗೆ ಎಬ್ಬಿಸಲು ಹೋದಾಗ ಅವಳ ಕೈ ತಣ್ಣಗಿತ್ತು.

"ಮಾಕ್... ಏಳು ಮಾಕ್... ಅಕ್ಕಿ ನೆನೆಸಿದೀನಿ, ತೆಂಗಿನಕಾಯಿ ತುರೀಬೇಕು... ಮಾಕ್!"

ಶವದ ಮಂಚ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಹಾಗೆ ಹಿಡಿಸಿ, ಹೀಗೆ ಹಿಡಿಸಿ ನೋಡಿದರು. ಕೊನೆಗೆ ಆರು ಜನ ಹೆಗಲು ಕೊಟ್ಟು ಒಂಬತ್ತು ಮಹಡಿ ಮೆಟ್ಟಿಲಿಳಿಸಿದರು. ಪ್ರತಿ ತಿರುವಿನಲ್ಲೂ ಮಂಚ ಓರೆಯಾಗುತ್ತಿತ್ತು, ಪ್ರತಿ ತಿರುವಿನಲ್ಲೂ ಲಾಸ್ತ್ರಿಯ ಜೀವ ಬಾಯಿಗೆ ಬರುತ್ತಿತ್ತು. ಮುಂದಿನ ಎಡಗಡೆಯ ಹೆಗಲು ಗಾಲಿಹ್‌ನದು. ಒಂದು ಸಲವೂ ಅವನು ಹೆಗಲು ಬದಲಿಸಲಿಲ್ಲ.

ಕೊನೆಗೂ ಮೆಟ್ಟಿಲಲ್ಲೇ ಹೋದೆ ಅಲ್ವಾ ಮಾಕ್... ಹಠ ಗೆದ್ದೆ.

ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಲಾಸ್ತ್ರಿ ಕರಾರನ್ನು ತನ್ನ ಹೆಸರಿಗೆ ಮಾಡಿಸಲು ರುಸುನ್ ಕಚೇರಿಗೆ ಹೋದಳು. ಮೇಜಿನಾಚೆಯ ಹೆಂಗಸು ಕೆಟ್ಟವಳೇನಲ್ಲ. ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಆಮೇಲೆ ಹೇಳಿದಳು.

"ಒಂಟಿ ಇರೋರಿಗೆ ಕೊಡೋಕಾಗಲ್ಲಮ್ಮ. ಒಂದು ತಿಂಗಳಲ್ಲಿ ಖಾಲಿ ಮಾಡ್ಬೇಕು. ಅಷ್ಟರೊಳಗೆ ಮದುವೆ ಆದ್ರೆ, ಇಲ್ಲ ಹಳೇ ಕಾರ್ಡಲ್ಲಿ ಬೇರೆ ಯಾರಾದ್ರೂ ಸಂಬಂಧಿಕರು ಇದ್ದಿದ್ರೆ ಬೇರೆ ಮಾತು."

"ಇದು... ಇದು ನಮಗೆ ಯಾರೂ ಹೇಳ್ಲಿಲ್ಲ ಮೇಡಂ!"

"ಆರನೇ ಪಾಠದಲ್ಲಿ ಇತ್ತಲ್ಲಮ್ಮ? ತರಗತಿಗೆ ಬಂದಿರ್ಲಿಲ್ವಾ?"

ಬಂದಿದ್ದಳು. ಮೊದಲ ಸಾಲಿನಲ್ಲಿ ಕೂತಿದ್ದಳು. ಅವನ ಬಾಯಿಯನ್ನೇ ನೋಡುತ್ತ ಕೂತಿದ್ದಳು!

ಆ ಸಂಜೆ ಗಾಲಿಹ್ ಗೇಟಿನ ಬಳಿ ಸಿಕ್ಕಾಗ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸ್ವಲ್ಪ ಸುಲಭವಾಗುತ್ತಿತ್ತು.

"ಆ ಸಾಲು ನಿಮಗೆ ಗೊತ್ತಿತ್ತಾ?"

ಅವನು ನೆಲ ನೋಡಿದ. "ಗೊತ್ತಿತ್ತು."

"ಓದ್ಲಿಲ್ಲ."

"ಮಾಕ್ ಮುಖ ನೋಡಿ... ಆಗ್ಲಿಲ್ಲ ಲಾಸ್ತ್ರಿ. ನಿಧಾನಕ್ಕೆ ಹೇಳೋಣ ಅಂದ್ಕೊಂಡೆ. ಆಮೇಲೆ ನಿಮ್ಮನೇಲಿ ಊಟ ಮಾಡ್ತಾ ಮಾಡ್ತಾ... ಹೇಳೋದು ಇನ್ನೂ ಕಷ್ಟ ಆಯ್ತು."

"ಚಿಕ್ಕಮ್ಮ ಬಂದಿದ್ಲು ಮಾಸ್. ಕಾರ್ಡಿಗೆ ಸೇರಿಸ್ಕೊ ಅಂತ ಕೈ ಮುಗಿದು ಕೇಳಿದ್ಲು. ಮಾಕ್ ನಿಮ್ಮ ಮಾತು ನಂಬಿ ಬೇಡ ಅಂದ್ಲು. ಸಿಲಿಂಡರು ಹೇಗೆ ತಿರುಗಿಸೋದು ಅಂತ ನಾಲ್ಕು ಸಲ ಹೇಳಿಕೊಟ್ರಿ. ಬೇಕಾಗಿದ್ದ ಒಂದೇ ಒಂದು ಮಾತು ನುಂಗಿಬಿಟ್ರಿ!"

ಅವಳು ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಮೇಲೆ ಅತ್ತಳು... ಅಮ್ಮನಿಗಾಗಿಯೋ, ಮನೆಗಾಗಿಯೋ, ಅವನಿಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಪಕ್ಕದ ಮನೆಯ ರೊಹಾಯಾ ಅಕ್ಕ ಸುಮ್ಮನಿರುವ ಪೈಕಿಯಲ್ಲ. ಮರುದಿನವೇ ಮೀನು ಮಾರುಕಟ್ಟೆಯ ವಿಧುರನೊಬ್ಬನ ಸುದ್ದಿ ತಂದಳು.

"ಒಳ್ಳೆಯವ್ನು ಕಣೇ. ಅವನಿಗೂ ಮನೆ ಬೇಕು, ನಿಂಗೂ ಮನೆ ಬೇಕು. ಆಮೇಲೆ ಪ್ರೀತಿ ಗೀತಿ ತಾನಾಗೇ ಬರುತ್ತೆ."

"ಬರದೇ ಇದ್ರೆ ಅಕ್ಕಾ?"

"ಬರದೇ ಇದ್ರೆ ಏನಾಯ್ತು, ಬಾಗಿಲು ಕಿಟಕಿ ಇರೋ ಮನೆಯಂತೂ ಇರುತ್ತಲ್ಲ!"

ಲಾಸ್ತ್ರಿ ನಕ್ಕಳು, ಬೇಡವೆಂದಳು. ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಹೆಸರು ಇನ್ನೂ ಕೂತಿತ್ತು. ಸಿಟ್ಟಿತ್ತು, ನಿಜ. ಆದರೆ ಸಿಟ್ಟಿನ ಕೆಳಗೆ ಪ್ರೀತಿ ಸತ್ತಿರಲಿಲ್ಲ. ಅವನು ಬಂದು ಒಂದು ಮಾತು ಹೇಳಲಿ, ಒಂದೇ ಮಾತು... ಎಂದು ಆ ಹುಚ್ಚು ಮನಸ್ಸು ಕಾಯುತ್ತಿತ್ತು.

ಅವನು ಬಂದ. ಹತ್ತು ದಿನ ಉಳಿದಿರುವಾಗ, ಮಧ್ಯಾಹ್ನ, ಬೆವರು ಸುರಿಸುತ್ತ ಬಂದ. ಕೈಯಲ್ಲಿ ಮದುವೆ ನೋಂದಣಿಯ ಅರ್ಜಿ ಇತ್ತು. ತನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದ್ದ. ಹೆಂಡತಿಯ ಹೆಸರಿನ ಜಾಗ ಖಾಲಿ ಇತ್ತು.

"ಲಾಸ್ತ್ರಿ, ಶುಕ್ರವಾರದೊಳಗೆ ಕೊಟ್ರೆ ಆಗುತ್ತೆ. ನಾನು ವಿಚಾರಿಸಿದೀನಿ. ನಿಮಗೆ ಮನೆ ಉಳಿಯುತ್ತೆ. ನನ್ನಿಂದ ಹೋಗಿದ್ದನ್ನ ನಾನೇ ಸರಿ ಮಾಡ್ಬೇಕಲ್ವಾ?"

ಅಯ್ಯೋ ಮಾರಾಯ! ಎದೆಯಲ್ಲಿದ್ದ ಮಾತು ಒಂದು, ಬಾಯಿಗೆ ಬಂದದ್ದು ಇನ್ನೊಂದು. ವರ್ಷವೆಲ್ಲ ಆ ಅನ್ನಕ್ಕೆ, ಆ ಬೈಗುಳಕ್ಕೆ ಎರಡೆರಡು ಬಸ್ಸು ಹತ್ತಿ ಬಂದ ಮನುಷ್ಯ, ಹೇಳಬೇಕಾದ ಹೊತ್ತಿನಲ್ಲಿ ಕಚೇರಿಯ ಗುಮಾಸ್ತನಂತೆ ಮಾತಾಡಿದ.

ಲಾಸ್ತ್ರಿ ಆ ಖಾಲಿ ಜಾಗವನ್ನೇ ನೋಡಿದಳು. ಒಂದು ಸಹಿ. ಒಂದೇ ಸಹಿ ಹಾಕಿದರೆ ಮಾಕ್ ಮಲಗುತ್ತಿದ್ದ ಮೂಲೆ, ಮಾಕ್ ಗೋಡೆಗೆ ಒರಗಿದ್ದರಿಂದ ಬಿದ್ದ ಎಣ್ಣೆಯ ಕಲೆ, ಎಲ್ಲ ಉಳಿಯುತ್ತದೆ. ಜೊತೆಗೆ ಅವನೂ ಸಿಗುತ್ತಾನೆ. ಕೈ ಮುಂದೆ ಹೋಗಿತ್ತು ಕೂಡ.

ಆದರೆ ಆಮೇಲೆ? ದಿನಾ ಬೆಳಗ್ಗೆ ಅವನ ಮುಖ ನೋಡಿ, ಇವನು ನನಗಾಗಿ ಇಲ್ಲಿದ್ದಾನೋ ತನ್ನ ತಪ್ಪಿಗಾಗಿ ಇದ್ದಾನೋ ಎಂದು ಕೇಳಿಕೊಳ್ಳುತ್ತ ಬದುಕುವುದೇ? ಸೂರಿಗಾಗಿ ಕಟ್ಟಿದ ಮದುವೆಯಲ್ಲಿ ಹುಟ್ಟಿದವಳು, ಸೂರಿಗಾಗಿಯೇ ಇನ್ನೊಂದನ್ನು ಕಟ್ಟಿಕೊಳ್ಳುವುದೇ?

"ನಾನೇನು ನಿಮ್ಮ ಏಳನೇ ಪಾಠನಾ ಮಾಸ್?"

"ಲಾಸ್ತ್ರಿ, ಹಾಗಲ್ಲ..."

"ತಪ್ಪು ಮಾಡಿದ್ರಿ, ತಿದ್ದೋಕೆ ಬಂದಿದೀರಿ. ತಿದ್ದೋಕೆ ನಾನು ಕಾಗದ ಅಲ್ಲ. ಹೋಗಿ."

"ನನ್ನ ಮಾತು ಕೇಳಿ..."

"ಈಗ ನೀವು ಏನ್ ಹೇಳಿದ್ರೂ ಈ ಮನೆ ಮಧ್ಯೆ ನಿಂತಿರುತ್ತೆ! ನನಗೆ ನಂಬೋಕಾಗಲ್ಲ. ದಯವಿಟ್ಟು ಹೋಗಿ."

ಅವನು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಒಂದು ದಿನ ಕಳೆಯಿತು. ಎರಡು. ಐದು. ಅವನು ಬರಲಿಲ್ಲ. ಅವನಿಗೆ ದೂರದ ಇನ್ನೊಂದು ರುಸುನ್‌ಗೆ ವರ್ಗವಾಗಿದೆಯೆಂದು ರೊಹಾಯಾ ಅಕ್ಕ ಸುದ್ದಿ ತಂದಳು. ಹೋಗೆಂದವಳು ತಾನೇ, ಆದರೂ ಹೆಜ್ಜೆ ಸಪ್ಪಳವಾದಾಗಲೆಲ್ಲ ಲಾಸ್ತ್ರಿ ಬಾಗಿಲಿಗೆ ಬರುತ್ತಿದ್ದಳು. ಬಾರದವನಿಗಾಗಿ ಕಾಯುವುದು ಅವಳ ಮನೆತನದ ಆಸ್ತಿಯೇನೋ!

ಕೊನೆಯ ದಿನ ಮನೆಯನ್ನು ತೊಳೆದಳು. ಗೋಡೆಯ ಎಣ್ಣೆಯ ಕಲೆಯನ್ನೂ ಉಜ್ಜಬೇಕೆಂದು ಕಚೇರಿಯವರು ಹೇಳಿದ್ದರು. ಉಜ್ಜಿದಳು. ಅಮ್ಮನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು. ಬೀಗದ ಕೈಯನ್ನು ಕೊಟ್ಟು, ಸಹಿ ಹಾಕಿ, ಅಕ್ಕಿ ಬೇಯಿಸುವ ದೊಡ್ಡ ಪಾತ್ರೆ ಮತ್ತು ಎರಡು ಚೀಲ ಹಿಡಿದು ಇಳಿದಳು.

ಅವಳಿಗೆ ಸಿಕ್ಕಿದ್ದು ಓಣಿಯೊಳಗಿನ ಒಂದು ಹೆಂಗಸರ ವಸತಿಯಲ್ಲಿ ಮೂರು ಹೆಜ್ಜೆಯ ಕೋಣೆ. ಕಿಟಕಿಯಿಲ್ಲ. ಒಲೆ ಹಚ್ಚುವಂತಿಲ್ಲ, ಹಾಗಾಗಿ ಅನ್ನದ ವ್ಯಾಪಾರವೂ ಇಲ್ಲ. ಗಂಡಸರು ಗೇಟು ದಾಟುವಂತಿಲ್ಲ. ಮಾಲಕಿ ಮುದುಕಿ ಹಗಲೆಲ್ಲ ಗೇಟಿನ ಬಳಿಯೇ ಕುರ್ಚಿ ಹಾಕಿ ಕೂತಿರುತ್ತಿದ್ದಳು.

ಮರುದಿನ ಸಂಜೆ ಆ ಮುದುಕಿಯೇ ಕೂಗಿದಳು.

"ಏ ಲಾಸ್ತ್ರಿ! ಯಾರೋ ಬಂದವ್ನೆ. ಒಳಗೆ ಬಿಡಲ್ಲ ಅಂದ್ರೆ, ಒಳಗೆ ಬರೋಕೆ ಬಂದಿಲ್ಲ ಅಂತಾನೆ. ಎಂಥವ್ನೋ ಏನೋ!"

ಲಾಸ್ತ್ರಿ ಓಡಿ ಬಂದಳು. ರೊಹಾಯಾ ಅಕ್ಕನಿಂದ ವಿಳಾಸ ಕೇಳಿಕೊಂಡು ಬಂದಿದ್ದ ಗಾಲಿಹ್ ಗೇಟಿನಾಚೆ ನಿಂತಿದ್ದ. ಕಣ್ಣು ಕೆಂಪಗೆ, ಮುಖ ಸೊರಗಿ, ವಾರದ ಗಡ್ಡ.

"ಬೀಗದ ಕೈ ಕೊಟ್ಟಾಯ್ತಾ?" ಎಂದ.

ಅವಳೊಳಗೆ ಏನೋ ಭಗ್ಗೆಂದಿತು. "ಅದನ್ನ ಕೇಳೋಕೆ ಬಂದ್ರಾ? ಆಯ್ತು! ನಿನ್ನೆನೇ ಕೊಟ್ಟೆ. ಗೋಡೆ ಕೂಡ ಉಜ್ಜಿ ಕೊಟ್ಟೆ! ನಾನು ಒಂಬತ್ತು ದಿನ ಬಾಗಿಲು ನೋಡ್ತಾ ಕೂತಿದ್ದೆ. ಎಲ್ಲಿ ಹೋಗಿದ್ರಿ ನೀವು?"

"ದಿನಾ ಬಸ್ ಹತ್ತಿದ್ದೆ. ಎರಡನೇ ಬಸ್ ನಿಲ್ದಾಣದಲ್ಲಿ ಇಳಿದು ವಾಪಸ್ ಹೋಗ್ತಿದ್ದೆ."

"ಯಾಕೆ?"

"ಆ ಮನೆ ಇರೋವರೆಗೂ ನಾನು ಏನ್ ಹೇಳಿದ್ರೂ ನಂಬಲ್ಲ ಅಂದ್ರಿ." ಅವನು ಗೇಟಿನ ಇನ್ನೂ ಹತ್ತಿರಕ್ಕೆ ಬಂದ. "ಮೊದಲು ಬಂದಿದ್ರೆ ಒತ್ತಾಯ ಮಾಡ್ತಿದ್ದೆ. ನೀವು ಒಪ್ಪಿಬಿಟ್ಟಿದ್ರೆ... ಜೀವನ ಪೂರ್ತಿ ಆ ಸಂಶಯ ನಿಮ್ಮ ಜೊತೆ ಮಲಗಿ ಏಳ್ತಿತ್ತು. ಅದಕ್ಕೇ ಬರ್ಲಿಲ್ಲ. ನಿಮ್ಮ ಮನೆ ಹೋಗೋದನ್ನ ನೋಡ್ತಾ ಕೂತೆ. ಅದೂ ನನ್ನ ಲೆಕ್ಕಕ್ಕೇ ಬರ್ಲಿ. ಕ್ಷಮಿಸಿ ಅನ್ನಲ್ಲ, ಕ್ಷಮಿಸೋವಂಥದ್ದಲ್ಲ."

ಲಾಸ್ತ್ರಿ ಗೇಟಿನ ಕಂಬಿ ಹಿಡಿದಳು. ಮನೆ ಹೋಗಿತ್ತು. ಅಮ್ಮ ಹೋಗಿದ್ದಳು. ಒಲೆಯೂ ಇರಲಿಲ್ಲ. ಇವನನ್ನು ಒಪ್ಪಿದರೆ ಯಾವುದೂ ಮರಳಿ ಬರುವುದಿಲ್ಲ. ಅವನಿಗೂ ಸಿಗುವುದೇನೂ ಇಲ್ಲ. ಆದರೂ ಅವನು ಗೇಟಿನ ಆಚೆ ನಿಂತಿದ್ದಾನೆ!

"ಈಗ ಕೇಳಿ," ಎಂದಳು.

"ಏನನ್ನ?"

"ಅವತ್ತು ಕೇಳಿದ್ದನ್ನ. ಈಗ ನನ್ನ ಹತ್ರ ಉಳಿಸ್ಕೊಳ್ಳೋಕೆ ಏನೂ ಇಲ್ಲ. ಈಗ ಕೇಳಿ."

ಗಾಲಿಹ್‌ನ ಕಣ್ಣಿಂದ ನೀರು ಇಳಿದೇಬಿಟ್ಟಿತು. ಅವಳನ್ನು ಮೊದಲ ಸಲ ಏಕವಚನದಲ್ಲಿ ಕರೆದ.

"ನಂಗೆ ನೀನು ಬೇಕು ಲಾಸ್ತ್ರಿ. ತರಗತೀಲಿ ಎದ್ದು ನಿಂತು ಬೈದ್ಯಲ್ಲ, ಅವತ್ತಿಂದ. ಹೇಳೋಕೆ ಬರ್ಲಿಲ್ಲ, ದಡ್ಡ ನಾನು. ನನ್ನ ಮದುವೆ ಆಗ್ತೀಯಾ?"

ಅವಳು ಅಳುತ್ತಲೇ ತಲೆಯಾಡಿಸಿದಳು. "ಆಗ್ತೀನಿ. ಆದ್ರೆ ಎಲ್ಲಿರೋದು?"

ಅವನು ಅಣ್ಣನ ಸಂಸಾರದ ಜೊತೆ, ಐದು ಜನರಿರುವ ಒಂದು ಕೋಣೆಯಲ್ಲಿ ಮಲಗುವವನು.

"ಗೊತ್ತಿಲ್ಲ," ಎಂದ. "ರುಸುನ್‌ಗೆ ಹೊಸದಾಗಿ ಅರ್ಜಿ ಹಾಕಬಹುದು. ನಮ್ಮ ಮುಂದೆ ಸಾವಿರಾರು ಜನ ಇದ್ದಾರೆ. ಆರು ವರ್ಷ, ಏಳು ವರ್ಷ ಆಗುತ್ತೆ. ಸಿಗದೇನೂ ಇರಬಹುದು ಲಾಸ್ತ್ರಿ. ಹೆಚ್ಚಿನವರಿಗೆ ಸಿಗಲ್ಲ."

ಅವನು ಒಂದು ಸಾಲನ್ನೂ ಬಿಡದೆ ಹೇಳಿದ. ಅದರಲ್ಲಿ ಹಿಡಿದುಕೊಳ್ಳಲು ಆಸೆಯ ಒಂದು ಎಳೆಯೂ ಇರಲಿಲ್ಲ. ಲಾಸ್ತ್ರಿ ಆ ಮಾತುಗಳನ್ನು ಪೂರ್ತಿ ಕೇಳಿದಳು, ಪೂರ್ತಿ ನಂಬಿದಳು.

"ಮುಗೀತಾ ನಿಮ್ಮದು?" ಮಾಲಕಿ ಮುದುಕಿ ಎದ್ದಳು. "ಗೇಟು ಹಾಕೋ ಹೊತ್ತಾಯ್ತು."

ಲಾಸ್ತ್ರಿ ಕಂಬಿಗಳ ನಡುವಿನಿಂದ ಕೈ ಚಾಚಿ, ಅವನ ಬೆರಳುಗಳನ್ನು ಹಿಡಿದುಕೊಂಡಳು.

"ನಾಳೆ ಬರ್ತೀರಾ?"

"ಬರ್ತೀನಿ."

"ಹೊರಗೇ ನಿಲ್ಬೇಕು."

"ನಿಲ್ತೀನಿ."

"ಎಷ್ಟು ದಿನ ಅಂತ ನಿಲ್ತೀರಾ, ಹುಚ್ಚಪ್ಪ?"

"ನೀನು ಒಳಗಿರೋವಷ್ಟು ದಿನ."